ಏಪ್ರಿಲ್ ಬಿಸಿಲಿನಲ್ಲಿ ಬೆಂಗಳೂರಿನಿಂದ ಇಂಡಿಗೆ: ಟಯರ್ ಬದಲಿಸುವುದು ಹೇಗೆ, ಮೈಗೆ ಏನು ಧರಿಸುವುದು?

ಇಂಡಿ ಕಡೆಯವನು

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಯ ವಾರ ಊರಿನಲ್ಲಿ ಅಕ್ಕನ ಮಗಳ ಮದುವೆ. ಈ ಸಲ ಬೈಕಿನಲ್ಲೇ ಹೋಗೋಣವೆಂದು ನನ್ನ ಹೆಂಡತಿಯೂ ನಾನೂ ನಿಶ್ಚಯಿಸಿದ್ದೇವೆ. ತುಮಕೂರು, ಹಿರಿಯೂರು, ಚಿತ್ರದುರ್ಗದವರೆಗೆ 48ನೇ ರಾಷ್ಟ್ರೀಯ ಹೆದ್ದಾರಿ. ಅಲ್ಲಿಂದ 50ನೇ ಹೆದ್ದಾರಿ ಹಿಡಿದು ಹೊಸಪೇಟೆ, ಕುಷ್ಟಗಿ, ಹುನಗುಂದ ದಾಟಿ ವಿಜಯಪುರ, ಆಮೇಲೆ ಇಂಡಿ. ಐನೂರು ಕಿಲೋಮೀಟರಿಗೂ ಮೇಲೆ. ಒಂದೇ ದಿನದಲ್ಲಿ ಮುಗಿಸುವ ಹಟವಿಲ್ಲ. ಹೊಸಪೇಟೆಯಲ್ಲಿ ರಾತ್ರಿ ಉಳಿಯುತ್ತೇವೆ.

ಬೈಕ್ ಕ್ಲಾಸಿಕ್ 350, 2021ರ ಹೊಸ ಮಾದರಿ, ಸ್ಪೋಕ್ ಚಕ್ರ, ಟ್ಯೂಬ್ ಇರುವ ಟಯರ್. ಹಿಂದಿನ ಟಯರ್ ನಟ್ಟನಡುವೆ ಸವೆದು ಚಪ್ಪಟೆಯಾಗಿದೆ. ಮುಂದಿನದರಲ್ಲಿ ಗ್ರಿಪ್ ಇನ್ನೂ ಇದೆ, ಆದರೆ ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತಿವೆ. ನನ್ನ ಪ್ರಶ್ನೆಗಳು ಇವು. ಎರಡನ್ನೂ ಬದಲಿಸಬೇಕೇ? ಟಯರ್ ಹಾಕುವುದನ್ನು ಮನೆಯಲ್ಲೇ ಕಲಿಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ, ಸಾಧ್ಯವೇ? ಮತ್ತು ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ, 40 ದಾಟುತ್ತದೆ. ಆ ಉರಿಯಲ್ಲಿ ರೈಡಿಂಗ್ ಜಾಕೆಟ್ ಹಾಕಿಕೊಂಡು ಹೋಗಲು ಆಗುತ್ತದೆಯೇ? ಅಂಗಡಿಯವರೆಲ್ಲ ಜಾಲರಿ ಬಟ್ಟೆಯ ಮೆಶ್ ಜಾಕೆಟ್ ತೋರಿಸುತ್ತಿದ್ದಾರೆ.

ಹೊಸಪೇಟೆ ಟಯರ್ ಅಂಗಡಿ

ಸರ್, ನಮ್ಮೂರಿನಲ್ಲಿ ಉಳಿಯುತ್ತೀರೆಂದು ಓದಿ ಸಂತೋಷವಾಯಿತು. ಆದರೆ ಟಯರ್ ಕೆಲಸವನ್ನು ಇಲ್ಲಿಗೆ ಬರುವವರೆಗೆ ಇಟ್ಟುಕೊಳ್ಳಬೇಡಿ, ಬೆಂಗಳೂರಿನಲ್ಲೇ ಮುಗಿಸಿ ಹೊರಡಿ.

ಮೊದಲು ಟಯರಿನ ಬದಿಯನ್ನು ಓದಿ. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 1421 ಎಂದಿದ್ದರೆ ಅದು 2021ರ 14ನೇ ವಾರ ತಯಾರಾದ ಟಯರ್. ಐದು ವರ್ಷ ಸಮೀಪಿಸಿದ ಟಯರನ್ನು ಗ್ರಿಪ್ ನೋಡಿ ಮಾತ್ರ ಅಳೆಯಬಾರದು. ರಬ್ಬರಿನೊಳಗಿನ ಎಣ್ಣೆಯಂಶ ಬಿಸಿಲಿಗೆ, ಗಾಳಿಗೆ ಸೋರಿಹೋಗಿ ಅದು ಗಟ್ಟಿಯಾಗುತ್ತದೆ. ನೀವು ಹೇಳಿದ ಬಿರುಕು ಅದೇ. ಉಗುರು ಊರಿದರೆ ಹೊಸ ರಬ್ಬರ್ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ, ಹಳೆಯದು ಅಲುಗುವುದಿಲ್ಲ. ಬಿರುಕು ಬದಿಯ ಮೇಲ್ಮೈಯಲ್ಲೇ ಇದ್ದರೆ ಊರೊಳಗೆ ಓಡಾಡಬಹುದು. ಇಬ್ಬರು ಕುಳಿತು, ಸಾಮಾನು ಕಟ್ಟಿಕೊಂಡು, ಮಧ್ಯ ಕರ್ನಾಟಕದ ಬಿಸಿಲಿನಲ್ಲಿ ಹೆದ್ದಾರಿ ಸವಾರಿಗೆ ಆ ಟಯರ್ ಬೇಡ. ಎರಡನ್ನೂ ಬದಲಿಸಿ.

ಹಿಂದಿನದರ ಸವೆತವನ್ನು ಅಳೆಯಲು ಗ್ರಿಪ್ಪಿನ ಗೆರೆಯೊಳಗೆ ಬೆರಳಿಟ್ಟು ನೋಡಿ, ಅಡ್ಡವಾಗಿ ಸಣ್ಣ ದಿಂಡು ಸಿಗುತ್ತದೆ. ಬದಿಯಲ್ಲಿ ಟಿಡಬ್ಲ್ಯುಐ ಎಂಬ ಗುರುತು ಇರುವ ನೇರಕ್ಕೆ ಹುಡುಕಿದರೆ ಬೇಗ ಸಿಗುತ್ತದೆ. ಸವೆದ ಮೇಲ್ಮೈ ಆ ದಿಂಡಿನ ಮಟ್ಟಕ್ಕೆ ಇಳಿದಿದ್ದರೆ ಟಯರಿನ ಆಯುಸ್ಸು ಮುಗಿದಂತೆ. ನಡುವೆ ಮಾತ್ರ ಚಪ್ಪಟೆಯಾಗಿರುವುದು ನೇರ ರಸ್ತೆಯ ಸವಾರರಲ್ಲಿ ಸಾಮಾನ್ಯ. ಆದರೆ ತಿರುವಿನಲ್ಲಿ ಬೈಕ್ ವಾಲುವಾಗ ಆ ಚಪ್ಪಟೆಯ ಅಂಚನ್ನು ಹತ್ತಿ ಇಳಿಯಬೇಕಾಗುವುದರಿಂದ ಹಿಂಭಾಗ ಒಮ್ಮೆಲೇ ಬಿದ್ದಂತೆ ಅನುಭವವಾಗುತ್ತದೆ.

ನಿಮ್ಮ ಬೈಕಿಗೆ ಮುಂದೆ 100/90-19, ಹಿಂದೆ 120/80-18. ಹಿಂದಿನದರ ಅರ್ಥ 120 ಮಿಲಿಮೀಟರ್ ಅಗಲ, ಆ ಅಗಲದ ಶೇಕಡ 80ರಷ್ಟು ಎತ್ತರ, 18 ಅಂಗುಲದ ರಿಮ್. ಅದರ ಪಕ್ಕದಲ್ಲಿ 62ಪಿ ಎಂದಿರುತ್ತದೆ: 62 ಎಂದರೆ ಟಯರ್ 265 ಕಿಲೋ ಹೊರಬಲ್ಲದು, ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ನೋಡಲು ದಪ್ಪಗೆ ಕಾಣಲೆಂದು ಅಗಲದ ಟಯರ್ ಕೇಳುವವರು ದಿನವೂ ಬರುತ್ತಾರೆ. ಅದೇ ರಿಮ್ಮಿಗೆ ಅಗಲದ ಟಯರ್ ತುರುಕಿದರೆ ಅದರ ಮೈ ಹಿಂಡಿದಂತಾಗಿ ಆಕಾರ ಕೆಡುತ್ತದೆ, ಚೈನಿಗೂ ತಗುಲಬಹುದು. ಕಂಪನಿ ಹೇಳಿದ ಅಳತೆ, ಅದಕ್ಕಿಂತ ಕಡಿಮೆಯಿಲ್ಲದ ಭಾರದ ಅಂಕಿ, ಕಡಿಮೆಯಿಲ್ಲದ ವೇಗದ ಅಕ್ಷರ. ಹೊಸ ಟಯರಿಗೆ ಹೊಸ ಟ್ಯೂಬ್. ಹಳೆಯ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟಯರಿನೊಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ.

ಬಳ್ಳಾರಿ ಬಿಸಿಲು

ಅಣ್ಣಾ, ನಾವು ವರ್ಷವಿಡೀ ಇದೇ ಬಿಸಿಲಿನಲ್ಲಿ ಓಡಾಡುವವರು. ಒಂದು ಮಾತು ನೆನಪಿಡಿ. ಬೇಸಿಗೆಯಲ್ಲಿ ಗಾಳಿಯನ್ನು ನಾಲ್ಕೈದು ಪಾಯಿಂಟ್ ಕಡಿಮೆ ಹಾಕಿಸಿ. ರಸ್ತೆ ಕಾದ ಹಂಚಿನಂತಿರುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ, ಪೂರ್ತಿ ತುಂಬಿಸಿದ್ದರೆ ಟಯರ್ ಒಡೆಯುತ್ತದೆ. ನಮ್ಮ ತಂದೆ ಲಾರಿ ಓಡಿಸುವ ಕಾಲದಿಂದ ಹೀಗೇ ಮಾಡುತ್ತಿದ್ದೇವೆ.

ಮಂಡ್ಯದ ಮೇಷ್ಟ್ರು

ಬಳ್ಳಾರಿಯವರೇ, ನಿಮ್ಮ ಅನುಭವದ ಮೇಲೆ ಗೌರವವಿದೆ. ಆದರೂ ಈ ಸಲಹೆಯನ್ನು ಉತ್ತರಿಸದೆ ಬಿಡಲಾರೆ. ಬೇಸಿಗೆಯಲ್ಲಿ ಟಯರ್ ಸಿಡಿಯುವುದಕ್ಕೆ ಕಡಿಮೆ ಗಾಳಿಯೇ ದೊಡ್ಡ ಕಾರಣ.

ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 27 ಡಿಗ್ರಿ ಇರುವಾಗ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನೀವು ಪಾಯಿಂಟ್ ಎನ್ನುವುದು ಇದನ್ನೇ) ತುಂಬಿಸಿದಿರಿ. ಗೇಜ್ ತೋರಿಸುವುದು ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಆದ್ದರಿಂದ ನಿಜವಾದ ಒತ್ತಡ 32ಕ್ಕೆ 14.7 ಸೇರಿಸಿ 46.7. ಮಧ್ಯಾಹ್ನದ ಓಟದಲ್ಲಿ ಟಯರಿನೊಳಗಿನ ಗಾಳಿ 67 ಡಿಗ್ರಿಗೆ ಏರಿತೆನ್ನಿ. ಡಿಗ್ರಿಗೆ 273 ಸೇರಿಸುವ ಕೆಲ್ವಿನ್ ಲೆಕ್ಕದಲ್ಲಿ 300ರಿಂದ 340ಕ್ಕೆ. 46.7ನ್ನು 340ರಿಂದ ಗುಣಿಸಿ 300ರಿಂದ ಭಾಗಿಸಿದರೆ 52.9, ಅಂದರೆ ಗೇಜಿನಲ್ಲಿ 38ರ ಆಸುಪಾಸು. 40 ಡಿಗ್ರಿ ಬಿಸಿ ಏರಿದರೂ ಹೆಚ್ಚಾದದ್ದು ಆರು ಪಾಯಿಂಟ್. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಂಪನಿಯವರು ತಣ್ಣಗಿರುವಾಗ ಎಷ್ಟು ಇರಬೇಕೆಂಬ ಅಂಕಿಯನ್ನು ಕೊಟ್ಟಿರುತ್ತಾರೆ. ಸುಸ್ಥಿತಿಯಲ್ಲಿರುವ ಟಯರಿಗೆ ಇದು ಹೊರೆಯೇ ಅಲ್ಲ.

ಈಗ ಗಾಳಿ ಕಡಿಮೆ ಹಾಕಿದರೆ ಏನಾಗುತ್ತದೆ? ನೆಲಕ್ಕೆ ತಾಗುವ ಜಾಗದಲ್ಲಿ ಟಯರಿನ ಬದಿ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹೆದ್ದಾರಿ ವೇಗದಲ್ಲಿ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಗ್ಗಿದ ಜಾಗ ಕೈಗೆ ಬಿಸಿ ತಾಗುವುದನ್ನು ನೋಡಿದ್ದೀರಲ್ಲ, ಇಲ್ಲೂ ಅದೇ. ಬಿಸಿ ಹುಟ್ಟುವುದು ರಬ್ಬರಿನ ಒಳಗೆ, ನೈಲಾನ್ ಎಳೆಗಳ ನಡುವೆ. ಆ ಬಿಸಿಗೆ ಪದರಗಳ ಬಂಧ ಸಡಿಲುತ್ತದೆ, ಕೊನೆಗೆ ಸಿಡಿಯುತ್ತದೆ. ಒಡೆದದ್ದನ್ನು ಕಂಡವರು ಗಾಳಿ ಹೆಚ್ಚಾಯಿತು ಎನ್ನುತ್ತಾರೆ.

ಇನ್ನೊಂದು. ಓಡಿಸಿ ಬಂದು ಬಿಸಿಯಿರುವ ಟಯರನ್ನು ಅಳೆದು, ಹೆಚ್ಚಿದೆಯೆಂದು ಗಾಳಿ ಬಿಡಬೇಡಿ. ರಾತ್ರಿ ತಣ್ಣಗಾದಾಗ ಅದು ಇರಬೇಕಾದ್ದಕ್ಕಿಂತ ಕೆಳಗಿಳಿದಿರುತ್ತದೆ, ಮರುದಿನ ಕಡಿಮೆ ಗಾಳಿಯಲ್ಲೇ ಹೊರಡುತ್ತೀರಿ.

ಬಳ್ಳಾರಿ ಬಿಸಿಲು

ಲೆಕ್ಕ ಅರ್ಥವಾಯಿತು ಮೇಷ್ಟ್ರೇ. ಆದರೆ ಒಂದು ಬಂಕಿನ ಮೀಟರ್ 32 ತೋರಿಸಿದರೆ ಮತ್ತೊಂದು ಬಂಕಿನದು ಅದೇ ಟಯರಿಗೆ 36 ತೋರಿಸುತ್ತದೆ. ಯಾವುದನ್ನು ನಂಬುವುದು? ನೈಟ್ರೋಜನ್ ಹಾಕಿಸಿದರೆ ಈ ತೊಂದರೆಯೇ ಇರುವುದಿಲ್ಲ ಎನ್ನುತ್ತಾರೆ, ಅದು ನಿಜವೇ?

ಮಂಡ್ಯದ ಮೇಷ್ಟ್ರು

ಮೀಟರಿನ ವಿಷಯದಲ್ಲಿ ನೀವು ಹೇಳುವುದು ಸರಿ. ಸ್ವಂತದ್ದೊಂದು ಕಡ್ಡಿ ಗೇಜ್ ಅಥವಾ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ. ಬೆಳಿಗ್ಗೆ ಬೈಕ್ ಹೊರತೆಗೆಯುವ ಮೊದಲೇ ಅಳೆಯಿರಿ. ಯಾವಾಗಲೂ ಒಂದೇ ಗೇಜಿನಿಂದ ಅಳೆದರೆ ಗಾಳಿ ಇಳಿಯುತ್ತಿದೆಯೋ ಇಲ್ಲವೋ ಎಂಬುದಾದರೂ ಖಚಿತವಾಗಿ ತಿಳಿಯುತ್ತದೆ.

ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ. ಶುದ್ಧ ನೈಟ್ರೋಜನ್‌ನಲ್ಲಿ ತೇವಾಂಶ ಇರುವುದಿಲ್ಲ, ಸೋರುವುದೂ ಸ್ವಲ್ಪ ನಿಧಾನ. ಇಂಡಿಗೆ ಹೋಗಿಬರಲು ಅದಕ್ಕಾಗಿ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ.

ಪಾನಾ ಪೆಟ್ಟಿಗೆ

ಮನೆಯಲ್ಲಿ ಟಯರ್ ಹಾಕುವ ಬಗ್ಗೆ ಕೇಳಿದಿರಿ. ಖಂಡಿತ ಸಾಧ್ಯ, ಮತ್ತು ಟ್ಯೂಬ್ ಟಯರಿನ ಬೈಕ್ ಇರುವವರು ಕಲಿಯಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕುಷ್ಟಗಿಯಿಂದಾಚೆ ಮಟಮಟ ಮಧ್ಯಾಹ್ನ ಜಾಲಿ ಮುಳ್ಳು ಚುಚ್ಚಿದರೆ ಈ ವಿದ್ಯೆ ಬೇಕಾಗುತ್ತದೆ. ವಿವರವಾಗಿ ಬರೆಯುತ್ತೇನೆ, ಬಿಡುವಾಗಿ ಓದಿ.

ಎರಡು ಮೂರು ಟಯರ್ ಲಿವರ್ ಬೇಕು, ಒಂದಡಿ ಉದ್ದದವು, ಬಾಯಿ ದುಂಡಗಿರುವವು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಟ್ಯೂಬ್ ತೂತಾಗುವುದು ಖಚಿತ. ಆಕ್ಸಲ್ ನಟ್ಟಿನ ಅಳತೆಯ ಸ್ಪ್ಯಾನರ್, ವಾಲ್ವಿನ ಪಿನ್ ಬಿಚ್ಚುವ ಪುಟ್ಟ ಉಪಕರಣ, ಸೋಪಿನ ನೀರು, ಟಾಲ್ಕಂ ಪೌಡರ್, ನೆಲಕ್ಕೆ ಹಾಸಲು ದಪ್ಪ ಗೋಣಿಚೀಲ, ಗಾಳಿ ಪಂಪು. ಹೊಸ ಟಯರನ್ನು ಕೆಲಸಕ್ಕೆ ಒಂದು ಗಂಟೆ ಮೊದಲೇ ಬಿಸಿಲಿನಲ್ಲಿಡಿ. ಬೆಚ್ಚಗಾದ ರಬ್ಬರ್ ಮಾತು ಕೇಳುತ್ತದೆ, ಡಿಸೆಂಬರ್ ಚಳಿಯಲ್ಲಿ ಅರ್ಧ ಗಂಟೆ ಹೆಣಗುವ ಕೆಲಸ ಏಪ್ರಿಲ್‌ನಲ್ಲಿ ಹತ್ತು ನಿಮಿಷದಲ್ಲಿ ಆಗುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ. ಬಿಚ್ಚುವ ಮೊದಲು ಚಕ್ರದ ಎರಡೂ ಬದಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಯಾವ ಸ್ಪೇಸರ್ (ಆಕ್ಸಲ್ಲಿನ ಮೇಲೆ ಕೂರುವ ಬಳೆ) ಎಡಕ್ಕೆ, ಯಾವುದು ಬಲಕ್ಕೆ, ಚೈನ್ ಹೊಂದಿಸುವ ಗುರುತು ಎಷ್ಟನೆಯ ಗೆರೆಯಲ್ಲಿತ್ತು ಎಂಬುದು ಆಮೇಲೆ ಬೇಕಾಗುತ್ತದೆ. ಹಿಂದಿನ ಆಕ್ಸಲ್ ನಟ್ಟು ಸಡಿಲಿಸಿ, ಚೈನ್ ಅಡ್ಜಸ್ಟರ್ ಸಡಿಲಿಸಿ, ಚಕ್ರವನ್ನು ಮುಂದೆ ತಳ್ಳಿ ಚೈನನ್ನು ಹಲ್ಲುಚಕ್ರದಿಂದ, ಅಂದರೆ ಸ್ಪ್ರಾಕೆಟ್ಟಿನಿಂದ ಇಳಿಸಿ, ಆಕ್ಸಲ್ ಎಳೆಯಿರಿ. ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿ. ಚಕ್ರ ಹೊರಗಿರುವಾಗ ಯಾರಾದರೂ ಬ್ರೇಕ್ ಒತ್ತಿದರೆ ಪಿಸ್ಟನ್ ಮುಂದೆ ಬಂದು ಪ್ಯಾಡುಗಳು ಕೂಡಿಕೊಳ್ಳುತ್ತವೆ, ಡಿಸ್ಕ್ ಮತ್ತೆ ಒಳಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ. ಚಕ್ರವನ್ನು ಮಲಗಿಸುವಾಗ ಡಿಸ್ಕ್ ಮೇಲ್ಮುಖವಾಗಿರಲಿ.

ವಾಲ್ವಿನ ಪಿನ್ ತೆಗೆದು ಪೂರ್ತಿ ಗಾಳಿ ಬಿಡಿ. ಟಯರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಹುದುಗಿರುತ್ತದೆ, ಅದಕ್ಕೆ ಬೀಡ್ ಎನ್ನುತ್ತಾರೆ. ಆ ತಂತಿ ಹಿಗ್ಗುವುದಿಲ್ಲ. ಇಡೀ ಕೆಲಸದ ಗುಟ್ಟು ಇಲ್ಲಿದೆ, ನಿಧಾನವಾಗಿ ಓದಿ. ರಿಮ್ಮಿನ ನಟ್ಟನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಲಿವರ್ ಹಾಕಿ ಮೀಟುವ ಜಾಗಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಬೀಡನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿನೊಳಗೆ ಇಳಿಸಬೇಕು. ಆಗ ಈ ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ, ಲಿವರ್ ಎರಡು ಬೆರಳಿನ ಬಲಕ್ಕೆ ಏಳುತ್ತದೆ. ಎದುರು ಬದಿ ತಗ್ಗಿಗೆ ಇಳಿಯದಿದ್ದರೆ ಪೈಲ್ವಾನ್ ಬಂದರೂ ಏಳಿಸಲಾರ, ಬಲ ಹಾಕಿದಷ್ಟೂ ರಿಮ್ಮಿಗೆ ಗಾಯ, ಟ್ಯೂಬಿಗೆ ಗಾಯ. ಪಂಕ್ಚರ್ ಅಂಗಡಿಯ ಹಳಬರು ಕಾಲಿನಿಂದ ಟಯರ್ ತುಳಿಯುತ್ತಾ ಕೈಯಿಂದ ಲಿವರ್ ಆಡಿಸುವುದನ್ನು ಗಮನಿಸಿ, ಕೆಲಸ ಮಾಡುವುದು ಕಾಲು.

ಒಂದು ಸಲಕ್ಕೆ ಎರಡು ಅಂಗುಲಕ್ಕಿಂತ ಹೆಚ್ಚು ಮೀಟಬೇಡಿ. ಒಂದು ಬದಿ ಹೊರಬಂದ ಮೇಲೆ ಟ್ಯೂಬ್ ತೆಗೆದು, ಇನ್ನೊಂದು ಬದಿಯನ್ನೂ ಕಳಚಿ. ರಿಮ್ಮಿನೊಳಗೆ ಸ್ಪೋಕಿನ ತುದಿಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಸ್ಪೋಕಿನ ತುದಿಯೇ ಟ್ಯೂಬನ್ನು ಚುಚ್ಚುತ್ತದೆ. ಚಕ್ರದ ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ ನೋಡಿ. ಮರಳು ಸಿಕ್ಕಿದಂತೆ ಗರಗರ ಎಂದರೆ ಈಗಲೇ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಹೊಸ ಟಯರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇರುತ್ತದೆ, ಅದನ್ನು ನೋಡಿಕೊಳ್ಳಿ. ಹಳದಿ ಚುಕ್ಕೆ ಇದ್ದರೆ ಅದು ಟಯರಿನ ಹಗುರ ಜಾಗ, ವಾಲ್ವಿನ ನೇರಕ್ಕೆ ಬರಲಿ. ಬೀಡಿಗೆ ಸೋಪಿನ ನೀರು ಸವರಿ ಒಂದು ಬದಿಯನ್ನು ರಿಮ್ಮಿಗೆ ಹಾಕಿ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಊದಿ ಒಳಗಿಡಿ. ವಾಲ್ವಿನ ನಟ್ಟನ್ನು ಒಂದೆರಡು ಸುತ್ತು ಮಾತ್ರ ಕೂರಿಸಿ. ಎರಡನೇ ಬದಿಯನ್ನು ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಬೇಕು. ಕೊನೆಯ ಆರಂಗುಲವೇ ಕಷ್ಟದ್ದು. ಅಲ್ಲಿ ಲಿವರಿನ ತುದಿ ಆಳಕ್ಕೆ ಹೋಗದಂತೆ ನೋಡಿಕೊಳ್ಳಿ. ಮುಗಿದ ಮೇಲೆ ವಾಲ್ವನ್ನು ಒಳಕ್ಕೆ ಒಮ್ಮೆ ಒತ್ತಿ ಬಿಡಿ, ಬೀಡಿನ ಅಡಿ ಸಿಕ್ಕಿಕೊಂಡ ಟ್ಯೂಬ್ ಬಿಡಿಸಿಕೊಳ್ಳುತ್ತದೆ.

ಗಾಳಿ ತುಂಬುತ್ತಾ ಹೋದಂತೆ ಬೀಡ್ ಟಪ್ ಎಂದು ಕೂರುತ್ತದೆ. ಟಯರಿನ ಬದಿಯಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಒಂದು ತೆಳ್ಳನೆಯ ಗೆರೆ ಇದೆ. ಅದು ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಎಲ್ಲಾದರೂ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಹಾಕಿ ಮತ್ತೆ ತುಂಬಿ. ಒತ್ತಡ ಹೆಚ್ಚಿಸಿ ಬಲವಂತ ಮಾಡಬೇಡಿ. ಸರಿಯಾಗಿ ಕುಳಿತ ಮೇಲೂ ಒಮ್ಮೆ ಪೂರ್ತಿ ಗಾಳಿ ಬಿಟ್ಟು ಮತ್ತೆ ತುಂಬುವುದು ಒಳ್ಳೆಯದು, ಟ್ಯೂಬಿನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ.

ಚಕ್ರ ಮರಳಿ ಹಾಕುವಾಗ ಆಕ್ಸಲ್ಲಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಚೈನಿನ ಸಡಿಲ ಮ್ಯಾನುಯಲ್‌ನಲ್ಲಿ ಹೇಳಿದಷ್ಟಿರಲಿ, ಎರಡೂ ಬದಿಯ ಗುರುತು ಒಂದೇ ಗೆರೆಯಲ್ಲಿರಲಿ, ನಟ್ಟನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಬೈಕ್ ಏರುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಇದನ್ನು ಮರೆತರೆ ಗಲ್ಲಿಯ ಮೊದಲ ತಿರುವಿನಲ್ಲೇ ಬ್ರೇಕ್ ಇರುವುದಿಲ್ಲ.

ಹೊಸಪೇಟೆ ಟಯರ್ ಅಂಗಡಿ

ಪಾನಾ ಪೆಟ್ಟಿಗೆಯವರು ಬರೆದದ್ದು ನಮ್ಮ ಹುಡುಗರಿಗೆ ಓದಿ ಹೇಳುವಂತಿದೆ. ಎರಡು ಮಾತು ಸೇರಿಸುತ್ತೇನೆ. ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ, ಮೊದಲ ನೂರು ನೂರೈವತ್ತು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕಬೇಡಿ, ಹೆಚ್ಚು ವಾಲಿಸಬೇಡಿ. ಆದ್ದರಿಂದ ಮದುವೆಗೆ ಹೊರಡುವ ಹಿಂದಿನ ರಾತ್ರಿ ಟಯರ್ ಹಾಕದೆ, ಎರಡು ವಾರ ಮುಂಚೆ ಹಾಕಿ ಕಚೇರಿಗೆ ಓಡಿಸಿ ಪಳಗಿಸಿಕೊಳ್ಳಿ.

ಮತ್ತೆ, ಟ್ಯೂಬ್ ಟಯರ್ ಪಂಕ್ಚರ್ ಆದರೆ ಗಾಳಿ ಬೇಗನೆ ಇಳಿಯುತ್ತದೆ. ಹಿಂಭಾಗ ತೂಗಾಡತೊಡಗಿದರೆ ಹಿಂದಿನ ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೆಲ್ಲಗೆ ಇಳಿಸಿ, ಹ್ಯಾಂಡಲ್ ನೇರ ಹಿಡಿದು ಬದಿಗೆ ಬನ್ನಿ. ಮುಂದಿನ ಚಕ್ರದ ಗಾಳಿ ಇಳಿದರೆ ಹಿಂದಿನ ಬ್ರೇಕ್ ಮಾತ್ರ. ಒಂದು ಹಿಂದಿನ, ಒಂದು ಮುಂದಿನ ಟ್ಯೂಬ್ ಜೊತೆಗಿರಲಿ. ನಿಮ್ಮ ಅಳತೆಯ 19 ಅಂಗುಲದ ಟ್ಯೂಬ್ ಹಳ್ಳಿಯ ಅಂಗಡಿಗಳಲ್ಲಿ ಸಿಗುವುದು ಅಪರೂಪ.

ಇಂಡಿ ಕಡೆಯವನು

ಎಲ್ಲರಿಗೂ ಕೈಮುಗಿದೆ. ಟಯರ್ ವಿಷಯ ಬಗೆಹರಿಯಿತು. ಈ ಭಾನುವಾರವೇ ಕೆಲಸ ಶುರು. ಇನ್ನು ಉಡುಪಿನ ಬಗ್ಗೆ ಹೇಳಿ. ಮೆಶ್ ಜಾಕೆಟ್ ತೆಗೆದುಕೊಳ್ಳಲೇ?

ದುಬೈ ಕನ್ನಡಿಗ

ಇಲ್ಲಿ ಜುಲೈ ತಿಂಗಳಲ್ಲಿ 45 ಮುಟ್ಟುತ್ತದೆ, ಹಾಗಾಗಿ ಈ ಪ್ರಶ್ನೆ ನನಗೆ ಹತ್ತಿರದ್ದು. ಸಣ್ಣ ಉತ್ತರ: ಬೆಂಗಳೂರಿನಿಂದ ಚಿತ್ರದುರ್ಗದವರೆಗೆ ಮೆಶ್ ಸುಖ, ಹುನಗುಂದದಿಂದ ಮುಂದೆ ಹತ್ತು ಗಂಟೆ ದಾಟಿದ ಮೇಲೆ ಅದೇ ಮೆಶ್ ಶತ್ರು.

ನಮ್ಮ ಚರ್ಮದ ಉಷ್ಣತೆ 35 ಡಿಗ್ರಿಯ ಆಸುಪಾಸು. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಮೇಲೆ ಬೀಸಿದಷ್ಟೂ ಬಿಸಿಯನ್ನು ಒಯ್ಯುತ್ತದೆ. ಗಾಳಿ 42 ಡಿಗ್ರಿ ಇದ್ದರೆ ಬೀಸಿದಷ್ಟೂ ಬಿಸಿಯನ್ನು ಮೈಗೆ ತುಂಬುತ್ತದೆ. ಆಗ ನಮ್ಮನ್ನು ಉಳಿಸುವುದು ಬೆವರು ಆವಿಯಾಗುವುದೊಂದೇ. ಆದರೆ ಪೂರ್ತಿ ಜಾಲರಿಯ ಜಾಕೆಟ್ಟಿನಲ್ಲಿ ಒಣಗಾಳಿ ನುಗ್ಗಿ ಬೆವರನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಮೈ ಒಣಗಿರುವುದರಿಂದ ಬೆವರೇ ಬರುತ್ತಿಲ್ಲ ಎನ್ನಿಸುತ್ತದೆ. ಒಳಗೆ ನೀರು ಖಾಲಿಯಾಗುತ್ತಿರುತ್ತದೆ. ಮರುಭೂಮಿಯ ಜನ ಮೈತುಂಬ ಸಡಿಲ ಬಟ್ಟೆ ಹೊದೆಯುವುದು ಸುಮ್ಮನೆ ಅಲ್ಲ.

ಆದ್ದರಿಂದ ನನ್ನ ಸಲಹೆ, ಎದೆಯಲ್ಲೂ ತೋಳಿನಲ್ಲೂ ಜಿಪ್ ಬಿಚ್ಚಿ ಗಾಳಿ ಬಿಟ್ಟುಕೊಳ್ಳಬಹುದಾದ, ಉಳಿದಂತೆ ಬಟ್ಟೆಯಿರುವ ಜಾಕೆಟ್, ತಿಳಿ ಬಣ್ಣದ್ದು. ಅಥವಾ ಈಗಾಗಲೇ ಮೆಶ್ ಇದ್ದರೆ ಅದರ ಮೇಲೆ ತೆಳುವಾದ ಗಾಳಿತಡೆಯ ಪದರ. ಒಳಗೆ ಮೈಗಂಟುವ ಸಿಂಥೆಟಿಕ್ ಬನಿಯನ್, ಅದನ್ನು ನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳಿ. ಜಿಪ್ಪುಗಳನ್ನು ಸ್ವಲ್ಪವೇ ತೆರೆದಿಟ್ಟರೆ ಆ ತೇವ ನಿಧಾನವಾಗಿ ಆವಿಯಾಗುತ್ತಾ ಒಂದು ಗಂಟೆಯಾದರೂ ತಂಪು ಕೊಡುತ್ತದೆ. ಪೂರ್ತಿ ಮೆಶ್ ಆದರೆ ಇಪ್ಪತ್ತು ನಿಮಿಷದಲ್ಲಿ ಒಣಗಿಹೋಗುತ್ತದೆ. ಕತ್ತಿಗೆ ಒದ್ದೆ ಬಟ್ಟೆ ಸುತ್ತಿ. ಹೆಲ್ಮೆಟ್ಟಿನ ಗಾಜು ಮುಚ್ಚಿರಲಿ, ಮುಖಕ್ಕೆ ಬಿಸಿಗಾಳಿ ಹೊಡೆದರೆ ಕಣ್ಣು ತುಟಿ ಎರಡೂ ಒಣಗುತ್ತವೆ.

ಉಡುಪಿಯ ಸವಾರಿಣಿ

ದುಬೈಯವರು ಹೇಳಿದ್ದು ಒಣಸೆಕೆಗೆ ಸರಿ. ಕರಾವಳಿಯವರು ಇದನ್ನು ಓದಿ ಒದ್ದೆ ಬನಿಯನ್ ಹಾಕಿಕೊಂಡು ಹೊರಡಬೇಡಿ! ನಮ್ಮಲ್ಲಿ 34 ಡಿಗ್ರಿಯಾದರೂ ಗಾಳಿ ತೇವದಿಂದ ತುಂಬಿರುತ್ತದೆ, ಬೆವರು ಆವಿಯಾಗಲು ಜಾಗವೇ ಇಲ್ಲ. ಇಲ್ಲಿ ಬೇಕಿರುವುದು ಗಾಳಿಯ ಓಟ, ಆದ್ದರಿಂದ ಪೂರ್ತಿ ಮೆಶ್ ಜಾಕೆಟ್ಟೇ ಸರಿ. ಒಂದೇ ರಾಜ್ಯದ ಎರಡು ತುದಿಗೆ ಎರಡು ಉತ್ತರ.

ಕೊಳ್ಳುವಾಗ ಗಾಳಿಯಷ್ಟೇ ನೋಡಬಾರದು. ಒಳಗೆ ಹೊಲಿದ ಚೀಟಿಯಲ್ಲಿ ಇಎನ್ 17092 (ಸವಾರಿ ಉಡುಪಿನ ಯುರೋಪಿಯನ್ ಮಾನದಂಡ) ಎಂದಿದೆಯೇ, ಎಎಎ, ಎಎ, ಎ ದರ್ಜೆಗಳಲ್ಲಿ ಯಾವುದು ಎಂದು ಓದಿ. ಉಜ್ಜಾಟ ತಡೆಯುವುದರಲ್ಲಿ ಎಎಎ ಎಲ್ಲಕ್ಕಿಂತ ಗಟ್ಟಿ. ಬೇಸಿಗೆಯ ತೆಳು ಜಾಕೆಟ್‌ಗಳು ಹೆಚ್ಚಾಗಿ ಎ ದರ್ಜೆಯವು, ಎಎ ಸಿಕ್ಕರೆ ಅದನ್ನೇ ಆರಿಸಿ. ಭುಜ, ಮೊಣಕೈ ಕವಚದ ಮೇಲೆ ಇಎನ್ 1621-1, ಬೆನ್ನಿನದರ ಮೇಲೆ 1621-2 ಎಂಬ ಮುದ್ರೆ, ಪಕ್ಕದಲ್ಲಿ 1 ಅಥವಾ 2. ಬೆನ್ನಿನ ಕವಚದಲ್ಲಿ ಮಟ್ಟ 1 ಎಂದರೆ ಪೆಟ್ಟಿನಿಂದ ಒಳಕ್ಕೆ ದಾಟುವ ಬಲ ಸರಾಸರಿ 18 ಕಿಲೋನ್ಯೂಟನ್ ಮೀರಬಾರದು, ಮಟ್ಟ 2ರಲ್ಲಿ 9. ಅಂದರೆ ಅರ್ಧಕ್ಕೆ ಅರ್ಧ. ಎಷ್ಟೋ ಜಾಕೆಟ್‌ಗಳಲ್ಲಿ ಬೆನ್ನಿನ ಜಾಗದಲ್ಲಿ ಬರೀ ಸ್ಪಂಜ್ ಇಟ್ಟಿರುತ್ತಾರೆ, ಕೈಹಾಕಿ ತೆಗೆದು ನೋಡದೆ ಹಣ ಕೊಡಬೇಡಿ.

ಅಂಗಡಿಯಲ್ಲಿ ನಿಂತು ಕನ್ನಡಿ ನೋಡಿದರೆ ಸಾಲದು. ನಿಮ್ಮದೇ ಬೈಕಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿದು ನೋಡಿ. ಮೊಣಕೈ ಕವಚ ಮೊಣಕೈ ಮೇಲೇ ಇರಬೇಕು, ಎಳೆದರೆ ತಿರುಗಬಾರದು. ಸಡಿಲವಾದ ಜಾಕೆಟ್ ಬಿದ್ದಾಗ ಜಾರಿ, ಕವಚ ಒಂದೆಡೆ ಮೈ ಒಂದೆಡೆ ಆಗುತ್ತದೆ. ಗಂಡಸರ ಚಿಕ್ಕ ಅಳತೆಯನ್ನು ಹೆಂಗಸರಿಗೆ ಕೊಟ್ಟು ಕಳಿಸುವ ಅಂಗಡಿಗಳ ಮೇಲೆ ನನಗೆ ನಿಜಕ್ಕೂ ಕೋಪವಿದೆ. ಭುಜ ಅಗಲ, ಸೊಂಟ ಬಿಗಿ, ಕವಚ ಜಾಗದಲ್ಲಿಲ್ಲ. ನಿಮ್ಮ ಮನೆಯವರಿಗೆ ಹೆಂಗಸರ ಅಳತೆಯದ್ದನ್ನೇ ಕೊಡಿಸಿ. ಹಿಂದೆ ಕುಳಿತವರು ಬಿದ್ದರೂ ರಸ್ತೆ ಅದೇ ರಸ್ತೆ.

ಮದುವೆಯ ಸೀರೆ ಬ್ಯಾಗಿನಲ್ಲಿರಲಿ ಅಕ್ಕ, ಊರು ತಲುಪಿ ಉಡಿ. ಹಿಂದಿನ ಚಕ್ರದ ಅರ್ಧಭಾಗಕ್ಕಾದರೂ ಬಟ್ಟೆ ಸಿಗದಂತೆ ಮರೆ ಇರಬೇಕೆಂದು ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅದಿದ್ದರೂ ದೂರದ ಸವಾರಿಯಲ್ಲಿ ಸೆರಗು, ದುಪಟ್ಟಾ ಬೇಡವೇ ಬೇಡ. ಕೈಗೆ ಗ್ಲೌಸ್, ಕಣಕಾಲು ಮುಚ್ಚುವ ಶೂ, ಮೊಣಕಾಲಿಗೆ ಕವಚವಿರುವ ಪ್ಯಾಂಟ್, ಇವು ಇಬ್ಬರಿಗೂ.

ಬಳ್ಳಾರಿ ಬಿಸಿಲು

ಹೆಲ್ಮೆಟ್ ಬಗ್ಗೆ ಯಾರೂ ಬರೆಯಲಿಲ್ಲ. ಹೆಲ್ಮೆಟ್ಟಿನ ಭಾರತೀಯ ಮಾನದಂಡವಾದ ಐಎಸ್ 4151 ಸಂಖ್ಯೆ ಮತ್ತು ಐಎಸ್‌ಐ ಗುರುತು ಎರಡೂ ಇರಬೇಕು. 2021ರ ಜೂನ್ 1ರಿಂದ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಸೆಕೆಯೆಂದು ಅರ್ಧ ಹೆಲ್ಮೆಟ್ ತೆಗೆದುಕೊಳ್ಳಬೇಡಿ. ಗಲ್ಲ ಮುಚ್ಚುವ, ಗಾಳಿಕಿಂಡಿಗಳಿರುವ, ಒಳಗಿನ ಬಟ್ಟೆ ಬಿಚ್ಚಿ ತೊಳೆಯಬಹುದಾದದ್ದು ಇರಲಿ. ಬೆಳಗಿನ ಜಾವ ಕತ್ತಲಲ್ಲಿ ಹೊರಡುತ್ತೀರೆಂದರೆ ಕಪ್ಪು ಗಾಜು ಬೇಡ, ಒಳಗೆ ಇಳಿಸಿಕೊಳ್ಳುವ ಸನ್ ವೈಸರ್ ಇರುವುದು ಉತ್ತಮ. ತಲೆಗೆ ತೆಳುವಾದ ಹತ್ತಿಯ ಟೋಪಿ ಹಾಕಿದರೆ ಬೆವರು ಕಣ್ಣಿಗೆ ಇಳಿಯುವುದಿಲ್ಲ.

ಕಲಬುರಗಿ ವೈದ್ಯ

ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಬರುವವರನ್ನು ನೋಡುವ ಕಾರಣ ಇದನ್ನು ಬರೆಯುತ್ತಿದ್ದೇನೆ. ಬಾಯಾರಿಕೆಯಾಗುವವರೆಗೆ ಕಾಯಬೇಡಿ. ಗಂಟೆಗೊಮ್ಮೆ ನಿಲ್ಲಿಸಿ ನೆರಳಿನಲ್ಲಿ ಕುಳಿತು ಕುಡಿಯಿರಿ. ಬರೀ ನೀರು ಸಾಲದು, ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ, ಓಆರ್‌ಎಸ್ ಯಾವುದೂ ಆಗಬಹುದು. ನಿಮ್ಮ ಇಂಡಿಯ ಲಿಂಬೆಗೆ ಭೌಗೋಳಿಕ ಗುರುತೇ ಸಿಕ್ಕಿದೆ, ಅದರದ್ದೇ ಶರಬತ್ತು ಕುಡಿಯಿರಿ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿ. ಬೇಗ ಗುಣ ಕಾಣಲೆಂದು ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಿ ಕುಡಿಯುವುದು ಅಪಾಯ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಹೊರಡುವ ಮೊದಲು ತಮ್ಮ ವೈದ್ಯರನ್ನು ಕೇಳಲಿ.

ತಲೆನೋವು, ಓಕರಿಕೆ, ಕಾಲಿನ ಸೆಳೆತ ಬಂದರೆ ಅಲ್ಲಿಗೆ ಸವಾರಿ ನಿಲ್ಲಬೇಕು. ಜಾಕೆಟ್ ತೆಗೆದು, ನೆರಳಿನಲ್ಲಿ ಮಲಗಿ, ಕುಡಿಯಿರಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಬಂದರೆ ಅದು ಸೂರ್ಯಾಘಾತ, ಮೈಯುಷ್ಣತೆ 40 ದಾಟಿರುತ್ತದೆ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನಿರದೆ ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಹಿಂದೆ ಕುಳಿತವರು ಆಗಾಗ ಮಾತನಾಡಿಸುತ್ತಿದ್ದರೆ ಮೊದಲ ಲಕ್ಷಣ ಬೇಗ ತಿಳಿಯುತ್ತದೆ.

ಎರಡೂ ದಿನ ನಾಲ್ಕೂವರೆಗೆ ಹೊರಟರೆ ಮೊದಲ ದಿನ ಹನ್ನೊಂದರ ಹೊತ್ತಿಗೆ ಹೊಸಪೇಟೆ, ಮರುದಿನ ಹತ್ತರ ಆಸುಪಾಸಿಗೆ ಇಂಡಿ ತಲುಪಬಹುದು. ಹನ್ನೆರಡರಿಂದ ನಾಲ್ಕರವರೆಗೆ ರಸ್ತೆಯ ಮೇಲೆ ಇರಲೇಬೇಡಿ, ಯಾವ ಜಾಕೆಟ್ ಇದ್ದರೂ.

ಇಂಡಿ ಕಡೆಯವನು

ವೈದ್ಯರೇ, ಅಕ್ಕ, ಅಣ್ಣಂದಿರೇ, ಧನ್ಯವಾದಗಳು. ಟಯರ್ ಎರಡೂ ಬಂದಿವೆ, ತಯಾರಾದ ವಾರ ನೋಡಿಯೇ ತಂದೆ. ಜಿಪ್ ಇರುವ ತಿಳಿ ಬೂದು ಬಣ್ಣದ ಎಎ ದರ್ಜೆಯ ಜಾಕೆಟ್ ನನಗೆ, ಹೆಂಡತಿಗೆ ಹೆಂಗಸರ ಅಳತೆಯಲ್ಲೇ ಸಿಕ್ಕಿತು, ಬೆನ್ನಿನ ಸ್ಪಂಜ್ ತೆಗೆಸಿ ಮಟ್ಟ 2ರ ಕವಚ ಹಾಕಿಸಿದೆವು. ಕೊನೆಯದೊಂದು ಪ್ರಶ್ನೆ: ಬಿಚ್ಚಿದ ಹಳೆಯ ಟಯರುಗಳನ್ನು ಏನು ಮಾಡುವುದು?

ಹೊಸಪೇಟೆ ಟಯರ್ ಅಂಗಡಿ

ಹೊಸದನ್ನು ಕೊಂಡ ಅಂಗಡಿಗೇ ಕೊಡಿ ಸರ್, ಮರುಬಳಕೆಗೆ ಕಳಿಸುತ್ತಾರೆ. ಮನೆಯ ಹಿಂದೆ ಎಸೆದಿಟ್ಟರೆ ಮೊದಲ ಮಳೆಗೇ ನೀರು ನಿಂತು ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಹಳೆಯ ಟ್ಯೂಬನ್ನು ಮಾತ್ರ ಇಟ್ಟುಕೊಳ್ಳಿ, ಅಡ್ಡಡ್ಡ ಕತ್ತರಿಸಿದರೆ ಸಾಮಾನು ಕಟ್ಟಲು ಒಳ್ಳೆಯ ರಬ್ಬರ್ ಪಟ್ಟಿಗಳಾಗುತ್ತವೆ.